ಅಮೋಘಪ್ಪನ ಒಂದೇ ನಡೆ

ಕಾಶಿರಾಯ ಆ ಒಂದು ಮಾತು ಆಡದೆ ಇದ್ದಿದ್ದರೆ ಅಮೋಘಪ್ಪನ ಲಗ್ನ ಎಲ್ಲರ ಲಗ್ನದ ಹಾಗೆ ಕೂಡಿಬರುತ್ತಿತ್ತು, ಇಲ್ಲವೆ ಅವನ ಹಿಂದಿನ ಸಂಬಂಧಗಳ ಹಾಗೆ ಸದ್ದಿಲ್ಲದೆ ಮುರಿದುಹೋಗುತ್ತಿತ್ತು. ಎರಡರಲ್ಲಿ ಯಾವುದಾದರೂ ಮನುಷ್ಯ ತಡೆದುಕೊಳ್ಳಬಹುದಾದದ್ದೇ.

ಕಲಬುರಗಿಯ ಗಾಜಿಪುರದಲ್ಲಿ ಧರ್ಮಣ್ಣನವರ ಮನೆಗೆ ಕನ್ಯಾ ನೋಡಲು ಹೋದ ದಿನ ಅದು. ಧರ್ಮಣ್ಣನವರು ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತಿಯಾದವರು. ಚೂಡಾ, ಚಹಾ ಆದ ಮೇಲೆ ಅವರು ಹುಡುಗನನ್ನು ಮೆಲ್ಲಗೆ ಕೇಳಿದರು.

"ಕಮಲಾಪುರದಾಗ ಬೀಜ-ಗೊಬ್ಬರದ ಅಂಗಡ್ಯಾಗ ಗುಮಾಸ್ತ ಅದೀರಿ ಅಂದ್ರು. ಸಂಜೀಕ ಅಂಗಡಿ ಮುಚ್ಚಿದ ಮ್ಯಾಲ ಏನ್ ಮಾಡ್ತೀರಿ?"

ಅಮೋಘಪ್ಪ ಸಂಜೆ ಬಸ್ ನಿಲ್ದಾಣದ ಹತ್ತಿರದ ಬೇವಿನಕಟ್ಟೆಗೆ ಹೋಗುತ್ತಿದ್ದ. ಅಲ್ಲಿ ಚದುರಂಗ ನಡೆಯುತ್ತಿತ್ತು. ಅವನು ಒಂದು ಕೈ ಬೇವಿನ ಮರಕ್ಕೆ ಕೊಟ್ಟು ಕತ್ತಲಾಗುವವರೆಗೆ ನೋಡುತ್ತ ನಿಲ್ಲುತ್ತಿದ್ದ. ಇದನ್ನು ಹೇಗೆ ಹೇಳಬೇಕೆಂದು ಅವನು ಯೋಚಿಸುತ್ತಿರುವಾಗಲೇ ಸೋದರಮಾವ ಕಾಶಿರಾಯ ಬಾಯಿ ಹಾಕಿದ.

"ಚದುರಂಗ ಆಡ್ತಾನ್ರಿ. ಕಮಲಾಪುರದಾಗ ಇವನ ಮುಂದ ಕೂಡೋರೇ ಇಲ್ಲ."

ಅದು ಪೂರಾ ಸುಳ್ಳೇನೂ ಅಲ್ಲ. ಅಮೋಘಪ್ಪ ಹಲಗೆಯ ಮುಂದೆ ಒಂದು ದಿನವೂ ಕೂತವನಲ್ಲವಾದ್ದರಿಂದ ಅವನ ಮುಂದೆ ಕೂಡುವ ಪ್ರಸಂಗ ಯಾರಿಗೂ ಬಂದಿರಲಿಲ್ಲ.

ಧರ್ಮಣ್ಣನವರು ಹಿಡಿದಿದ್ದ ಚಹಾದ ಬಸಿಯನ್ನು ಕೆಳಗಿಟ್ಟರು. "ನಾ ಕಟಕಟೆದಾಗ ನಿಂತ ಮಂದೀನ ಬಾಳ ನೋಡೀನಿ," ಎಂದರು. "ಅಲ್ಲಿ ಯಾರ ಗುಣಾನೂ ತಿಳಿಯಂಗಿಲ್ಲ, ಎಲ್ಲಾರೂ ಬಾಯಿಪಾಠ ಮಾಡ್ಕೊಂಡು ಬಂದಿರ್ತಾರ. ಹಲಗಿ ಮುಂದ ಕೂತ್ರ ಮಾತ್ರ ಮನುಷ್ಯಾ ಇದ್ದಂಗ ಕಾಣ್ತಾನ. ಒಂದ ಆಟ ಆಗ್ಲಿ. ಆಮ್ಯಾಲ ಮಾತು ಮುಗಸೂಣು."

"ಮತ್ತ ಯಾವಾಗ ಬರೂಣ್ರಿ?" ಎಂದ ಕಾಶಿರಾಯ.

"ಬರಾಕ ಬರಂಗಿಲ್ಲ. ಒಮ್ಮೆ ನೋಡಿ ಹೋದ ವರ, ಮಾತು ಮುಗಿಯೋತನ ನಮ್ಮ ಹೊಸ್ತಿಲ ತುಳೀಬಾರದು. ನಮ್ಮ ಹಿರೇರ ಕಾಲದಿಂದ ನಡಕೋತ ಬಂದದ್ದು. ಮನ್ಯಾಗ ಕಂಪ್ಯೂಟರ್ ತಗೊಂಡೀನಿ, ಇಂಟರ್ನೆಟ್ಟಿನ್ಯಾಗ ಆಡೂಣು. ಹೊಸ್ತಿಲಾ ಉಳೀತದ, ಆಟಾನೂ ಆಗ್ತದ."

ಎದ್ದು ಹೊರಡುವಾಗ ಬಸಿ ಎತ್ತಿಕೊಳ್ಳಲು ಬಂದ ಹುಡುಗಿ, ಭಾಗ್ಯವಂತಿ ಅವಳ ಹೆಸರು, ತಲೆ ಎತ್ತದೆ ಸಣ್ಣಗೆ ಕೇಳಿದಳು. "ಖರೇನ ಆಡ್ತೀರೇನ್ರಿ?"

ಅವಳ ದನಿಯಲ್ಲಿ ನಗು ಇತ್ತು. ಕುಹಕದ ನಗು ಅಲ್ಲ. ಅಮೋಘಪ್ಪ "ಹೂಂನ್ರಿ" ಅಂದುಬಿಟ್ಟ. ಮಾವನ ಸುಳ್ಳನ್ನು ಮಾವನ ಮೇಲೆ ಹಾಕಿ ಹೋಗಬಹುದಿತ್ತು. ಇದು ಅವನದೇ ಆಯಿತು. ಅವತ್ತಿನಿಂದ ಅವನಿಗೆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ, ಆ ನಗುವೂ ಕಿವಿಯಿಂದ ಇಳಿಯಲಿಲ್ಲ.

ದಾರಿ ತೋರಿಸಿದವನು ಮಾಣಿಕಪ್ಪ. ಅಮೋಘಪ್ಪನ ಜೊತೆ ಶಾಲೆಗೆ ಹೋದವನು, ಅವನ ಜಾತಿಯವನೇ. ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಒಂದು ಮಾಳಿಗೆಯ ಮೇಲೆ ಸೈಬರ್ ಕೆಫೆ ಇಟ್ಟಿದ್ದ. ಆಗ ಊರಿಗೆ ಇಂಟರ್ನೆಟ್ ಬಂದು ಬಹಳ ವರ್ಷ ಆಗಿರಲಿಲ್ಲ. ಜನ ಅಲ್ಲಿಗೆ ಹೋಗುವಾಗ ದವಾಖಾನೆಗೆ ಹೋದ ಹಾಗೆ ಚಪ್ಪಲಿ ಹೊರಗೆ ಬಿಡುತ್ತಿದ್ದರು.

"ಇದಕ್ಕ ಯಾಕ ಇಷ್ಟು ಸೊರಗೀಯೊ?" ಎಂದ ಮಾಣಿಕಪ್ಪ. "ಎರಡು ಮಶಿನ್ ಬಾಜೂ ಬಾಜೂ ಹಚ್ಚೂಣು. ಒಂದರ ಮ್ಯಾಲ ನೀ ನಿನಗ ಆಗೋ ಮಾವನವರ ಜೋಡಿ ಆಡು. ಇನ್ನೊಂದರಾಗ ಚದುರಂಗದ ಸಿಡಿ ಹಾಕ್ತೀನಿ. ಅವರು ಅಲ್ಲಿ ಯಾವ ಕಾಯಿ ನಡಸ್ತಾರೋ ನಾ ಅದನ್ನ ಇಲ್ಲಿ ನಡಸ್ತೀನಿ. ಇದಕ್ಕ ಈ ಮಶಿನ್ ಏನು ಜವಾಬು ಕೊಡ್ತದೋ ಅದನ್ನ ನೀ ಅಲ್ಲಿ ಇಡು. ಮುಗೀತು."

"ಮಶಿನ್ ಛಲೋ ಆಡ್ತದೇನು?"

"ಕಮಲಾಪುರದ ಕಟ್ಟೀ ಎಲ್ಲಾ ಒಂದು ಕಡೆ ಕೂತ್ರೂ ಅದರ ಕೈಯಾಗ ಉಳಿಯಂಗಿಲ್ಲ."

"ತಪ್ಪಲ್ಲೇನೊ ಇದು?"

ಮಾಣಿಕಪ್ಪ ಅವನನ್ನು ಕನಿಕರದಿಂದ ನೋಡಿದ. "ಕನ್ಯಾ ಬೇಕೋ ಬ್ಯಾಡೋ?"

ಭಾನುವಾರ ಬೆಳಿಗ್ಗೆ ಆಟ ಎಂದು ಗೊತ್ತಾಯಿತು. ಅಮೋಘಪ್ಪ ಯಾರಿಗೂ ಹೇಳದೆ ಬಸ್ ಹತ್ತಿ ಕಿಟಕಿಯ ಪಕ್ಕ ಕೂತ. ಬಸ್ಸು ಬಿಡುವ ಹೊತ್ತಿಗೆ ಕಾಶಿರಾಯ ಹತ್ತಿದ. ಅವನ ಹಿಂದೆ ಸೈಕಲ್ ಅಂಗಡಿಯ ಹುಸೇನ, ಅವನ ಹಿಂದೆ ನಿವೃತ್ತ ಲೈನ್‌ಮನ್ ಅಂಬಣ್ಣ. ಬೇವಿನಕಟ್ಟೆಯಲ್ಲಿ ಈ ಇಬ್ಬರನ್ನು ಸೋಲಿಸಿದವರು ಕಡಿಮೆ, ಈ ಇಬ್ಬರೂ ಒಪ್ಪಿಕೊಂಡ ಸೋಲು ಅದಕ್ಕಿಂತ ಕಡಿಮೆ. ಕಾಶಿರಾಯ ಕಟ್ಟೆಯ ಮೇಲೆ ಸುದ್ದಿ ಬಿತ್ತಿ ಬಂದಿದ್ದ.

"ಏನಪಾ ಅಮೋಘಾ," ಎಂದ ಅಂಬಣ್ಣ ಅವನ ಪಕ್ಕ ಕೂಡುತ್ತ, "ಇಷ್ಟು ವರ್ಷ ಗಿಡಕ್ಕ ಕೈ ಕೊಟ್ಟು ನಿಂತಿದ್ದಿ. ನಾವು ಗಿಡ ಬೀಳ್ತದಂತ ಹಿಡಕೊಂಡಾನ ಅಂತ ತಿಳಿದಿದ್ವಿ. ಆಟಾ ಕಲಿಯಾಕತ್ತಿದ್ದಿ ಅಂತ ಈಗ ಗೊತ್ತಾತು."

"ನೀವ್ ಯಾಕ ಬಂದ್ರಿ, ಕಾಕಾ?"

"ಅರೆ, ಇದು ಕಮಲಾಪುರದ ಇಜ್ಜತ್ತಿನ ಸವಾಲು," ಎಂದ ಹುಸೇನ ಹಿಂದಿನ ಸೀಟಿನಿಂದ. "ನೀ ಒಬ್ಬಾವನೇ ಹೋಗಿ ಸೋತು ಬಂದ್ರ ನಾಳೆ ಕಲಬುರಗಿ ಮಂದಿ ನಮ್ಮ ಕಟ್ಟೀ ಮುಂದ ಬಸ್ಸಿನ್ಯಾಗ ನಕ್ಕೋತ ಹೋಗ್ತಾರ. ಬಾಜೂಕ ಕೂತು ಹೇಳಿಕೊಡ್ತೀವಿ."

ಇಲ್ಲಿ ಕಟ್ಟೆಯ ರಿವಾಜನ್ನು ಹೇಳಬೇಕು. ಬೇವಿನಕಟ್ಟೆಯಲ್ಲಿ ಆಡುವವರು ಇಬ್ಬರೇ ಆದರೂ ಆಟ ಇಬ್ಬರದಲ್ಲ. ಸುತ್ತ ನಿಂತವರು ಯಾರು ಬೇಕಾದರೂ ನಡೆ ಹೇಳಿಕೊಡಬಹುದು. ಹೇಳಿದ್ದನ್ನು ಕೇಳುವುದು ಬಿಡುವುದು ಕಾಯಿ ಎತ್ತುವವನ ಕೈಯಲ್ಲಿ. ಎತ್ತಿಟ್ಟ ಮೇಲೆ ಆ ನಡೆ ಅವನದು, ಒಳ್ಳೆಯದಾದರೂ ಕೆಟ್ಟದ್ದಾದರೂ. ಹಾಗಾಗಿ ಹೇಳಿಸಿಕೊಂಡು ಆಡುವುದು ಮೋಸ ಎಂಬ ಮಾತು ಆ ಕಟ್ಟೆಯ ಮೇಲೆ ಯಾರೂ ಕೇಳಿರಲಿಲ್ಲ.

ಕೆಫೆಯಲ್ಲಿ ಎರಡು ಮಶಿನ್ ನೋಡಿದ ಮೇಲೆ ಮಾತ್ರ ಕಟ್ಟೆಯ ಹಿರಿಯರು ಗಂಭೀರವಾದರು. ಮಾಣಿಕಪ್ಪ ಎಲ್ಲ ಬಿಡಿಸಿ ಹೇಳಿದ. ಅಂಬಣ್ಣ ಎರಡನೇ ಮಶಿನ್‌ನ ಹಿಂದೆ ಹೋಗಿ ಬಗ್ಗಿ ನೋಡಿ ಬಂದ.

"ಒಳಗ ಯಾರೂ ಇಲ್ಲ," ಎಂದ.

"ಇಲ್ರಿ, ಕಾಕಾ."

"ಮತ್ತ ಹೇಳಿಕೊಡೋರು ಯಾರು?"

"ಅದೇ ಹೇಳಿಕೊಡ್ತದ್ರಿ."

ಅಂಬಣ್ಣ ಮಶಿನ್ ಮೇಲೆ ಒಮ್ಮೆ ಬಡಿದು ನೋಡಿದ. "ಮನುಷ್ಯಾ ಹೇಳಿಕೊಟ್ರ ನ್ಯಾಯ ಅದ. ಅವನೂ ತಪ್ತಾನ, ಬೈಸ್ಕೋತಾನ. ಇದು ಬೈಸ್ಕೊಳ್ಳಂಗಿಲ್ಲ. ಇದು ಮೋಸ."

"ಬಿಲ್ಕುಲ್ ಮೋಸ," ಎಂದ ಹುಸೇನ. ತೀರ್ಪು ಕೊಟ್ಟಾದ ಮೇಲೆ ಇಬ್ಬರೂ ಕುರ್ಚಿ ಎಳೆದುಕೊಂಡು ಅಮೋಘಪ್ಪನ ಎರಡೂ ಹೆಗಲಿಗೆ ತಾಗಿ ಕೂತರು. ಕಾಶಿರಾಯ ಬಾಗಿಲಲ್ಲಿ ನಿಂತು ಬಂದ ಗಿರಾಕಿಗಳಿಗೆ, "ಒಳಗ ಲಗ್ನದ ಮಾತು ನಡದದ, ಆಮ್ಯಾಲ ಬರ್ರಿ," ಎಂದು ಕಳಿಸತೊಡಗಿದ.

ಹಿರಿಯರೆಂದು ಧರ್ಮಣ್ಣನವರಿಗೆ ಬಿಳಿ ಕಾಯಿ. ಅವರು ಮೊದಲ ನಡೆಗೆ ಒಂದು ಪ್ಯಾದಿಯನ್ನು, ಅಂದರೆ ಕಾಲಾಳನ್ನು, ಎರಡು ಮನೆ ಮುಂದೆ ಸರಿಸಿದರು.

"ನೋಡು ನೋಡು," ಎಂದ ಹುಸೇನ, "ಶುರೂಕೇ ಒಂದು ಮನಿ ಹೆಚ್ಚು ನಡದ್ರು. ಶಿರಸ್ತೇದಾರ್ರು ನಾವು ನೋಡಾಕತ್ತಿಲ್ಲ ಅಂತ ತಿಳಕೊಂಡಾರ."

"ಇದು ಹೊರದೇಶದ ಕಾಯ್ದೆ ಆಟರಿ, ಮೊದಲ ಸಲ ಎರಡು ಮನಿ ಹೋಗಬಹುದು," ಎಂದ ಮಾಣಿಕಪ್ಪ ಸಿಡಿಯ ಜೊತೆ ಬಂದ ಕಾಯ್ದೆಯ ಹಾಳೆ ನೋಡಿ. ತನ್ನ ಮಶಿನ್‌ನಲ್ಲಿ ಅದೇ ನಡೆ ನಡೆಸಿದ. ಮಶಿನ್ ರೆಪ್ಪೆ ಹೊಡೆಯುವುದರೊಳಗೆ ಜವಾಬು ಕೊಟ್ಟಿತು. ಅಮೋಘಪ್ಪ ಇಟ್ಟ. ಧರ್ಮಣ್ಣನವರು ನಡೆದರು. ಮಶಿನ್ ಜವಾಬು ಕೊಟ್ಟಿತು. ಅಮೋಘಪ್ಪ ಇಟ್ಟ. ಹಾಗೇ ಸ್ವಲ್ಪ ಹೊತ್ತು ನಡೆದ ಮೇಲೆ ಪರದೆಯ ಮೂಲೆಯಲ್ಲಿ ಧರ್ಮಣ್ಣನವರ ಮಾತು ಮೂಡಿತು. ಇಂಗ್ಲಿಷ್ ಅಕ್ಷರ, ಮಾತು ಕನ್ನಡ. 'ವಿಚಾರ ಮಾಡಂಗಿಲ್ಲೇನು?'

ಅಮೋಘಪ್ಪ ಅದನ್ನು ಗಟ್ಟಿಯಾಗಿ ಓದಿದ. "ಲಗೂ ಲಗೂ ಇಡಬ್ಯಾಡೋ," ಎಂದ ಕಾಶಿರಾಯ ಬಾಗಿಲಿನಿಂದ. "ಮನುಷ್ಯಾರಂಗ ಗದ್ದಕ್ಕ ಕೈ ಹಚ್ಚಿ ಕೂಡು."

"ಅವರಿಗೆ ನನ್ನ ಗದ್ದ ಕಾಣಂಗಿಲ್ಲಲ್ಲ ಮಾಮಾ."

"ಕಾಣದಿದ್ರೂ ಹಚ್ಚು. ತಡಾ ಆಗ್ತದ."

ಅಲ್ಲಿಂದ ಮುಂದೆ ಒಂದೊಂದು ನಡೆಗೆ ಒಂದೊಂದು ಕಪ್ ಚಹಾ ಕುಡಿಯುವಷ್ಟು ತಡ ಮಾಡಬೇಕೆಂದು ಠರಾವಾಯಿತು. ಆದರೆ ಅಮೋಘಪ್ಪನಿಗೆ ಯಾವುದಕ್ಕೆ ತಡ ಮಾಡಬೇಕು, ಯಾವುದಕ್ಕೆ ಮಾಡಬಾರದು ತಿಳಿಯದು. ಸುಮ್ಮನೆ ಬಾಯಿಗೆ ಬಂದ ಕುದುರೆಯನ್ನು ಹೊಡೆಯಲು ಅವನು ಅರ್ಧ ತಾಸು ಕೂತ. ಧರ್ಮಣ್ಣನವರು ತಲೆ ಕೆಡಿಸಿಕೊಂಡು ಒಡ್ಡಿದ ಬಲೆಯನ್ನು ಹಿಂದುಮುಂದು ನೋಡದೆ ಕಿತ್ತ. ಒಮ್ಮೆ ಮಾಣಿಕಪ್ಪ "ಎಡಗಡೆ ಆನಿ" ಎಂದ. ಅವನ ಮಶಿನ್‌ನಲ್ಲಿ ಹಲಗೆ ತಿರುಗುಮುರುಗು ಕಾಣುತ್ತಿತ್ತು. ಅಮೋಘಪ್ಪನ ಕೈ ಬೇರೆ ಆನೆಯ ಮೇಲೆ ಹೋಗಿತ್ತು. ಮಾಣಿಕಪ್ಪ ಅವನ ಮಣಿಕಟ್ಟು ಹಿಡಿದು ತಡೆದ. ಮತ್ತೊಮ್ಮೆ ಮಶಿನ್ ಹೇಳಿದಂತೆ ರಾಜನೂ ಆನೆಯೂ ಒಂದೇ ಸಲಕ್ಕೆ ಜಾಗ ಬದಲಿಸಿದಾಗ ಅಂಬಣ್ಣ ಎದ್ದು ನಿಂತ.

"ಒಂದು ನಡ್ಯಾಗ ಇಬ್ಬರು ಎದ್ದ್ರು. ಇದು ಆಟ ಅಲ್ಲ, ಮನಿ ಖಾಲಿ ಮಾಡಿದಂಗ ಆತು."

"ಇದೂ ಕಾಯ್ದೆರಿ, ಕಾಕಾ."

"ನಿಮ್ಮ ಕಾಯ್ದೆಕ್ಕ ಕಡೀ ಅನ್ನೋದು ಅದನೋ ಇಲ್ಲೋ?"

ಕಟ್ಟೆಯ ಹಿರಿಯರಿಗೆ ಸಿಟ್ಟು ಕಾಯ್ದೆಯ ಮೇಲಲ್ಲ. ಬೆಳಗಿನಿಂದ ಅವರು ಹೇಳಿದ ಒಂದು ನಡೆಯನ್ನೂ ಅಮೋಘಪ್ಪ ಇಟ್ಟಿರಲಿಲ್ಲ. ಊರಲ್ಲಿ ಅವರ ಮಾತು ಕೇಳಿ ಕಾಯಿ ಎತ್ತುವವರು ಇದ್ದರು. ಇಲ್ಲಿ ಡಬ್ಬಿಯೊಂದು ಅವರ ಮಧ್ಯೆ ಕೂತು ಹಿರಿತನ ಮಾಡುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಧರ್ಮಣ್ಣನವರ ಕಾಯಿಗಳು ಒಂದೊಂದಾಗಿ ಹೋಗಿ, ಮೂಲೆಯಲ್ಲಿ ರಾಜ ಒಬ್ಬನೇ ಉಳಿದ. ಪರದೆಯ ಮೂಲೆಯಲ್ಲಿ ಮತ್ತೆ ಅಕ್ಷರ ಮೂಡಿತು. 'ಭಾಗ್ಯ ಹಿಂದ ನಿಂತು ನೋಡಾಕತ್ತಾಳ.'

ಅಮೋಘಪ್ಪ ಅದನ್ನು ಓದಿದ. ಮತ್ತೊಮ್ಮೆ ಓದಿದ. ಬೆಳಗಿನಿಂದ ಅವನು ಮಾಣಿಕಪ್ಪ ತೋರಿಸಿದಲ್ಲಿ ಕಾಯಿ ಇಟ್ಟಿದ್ದ, ಅಂಗಡಿಯಲ್ಲಿ ಸಾಹುಕಾರ ಹೇಳಿದಲ್ಲಿ ಗೊಬ್ಬರದ ಚೀಲ ಇಡಿಸಿದ ಹಾಗೆ. ಆ ಹುಡುಗಿ ಈಗ ನೋಡುತ್ತಿರುವುದು ಯಾರನ್ನು? ಇಷ್ಟು ವರ್ಷ ಮರಕ್ಕೆ ಕೈ ಕೊಟ್ಟು ನಿಂತಿದ್ದರಲ್ಲಿ ತಾನೂ ಏನಾದರೂ ಕಲಿತಿರಬೇಕಲ್ಲವೆ?

"ವಜೀರನ್ನ ಒಂದು ಮನಿ ಸರಿಸು, ರಾಜಾ ಸಿಕ್ಕಬಿದ್ದ, ಮಾತ್," ಎಂದ ಮಾಣಿಕಪ್ಪ. "ಮುಗೀತು. ಮಿಠಾಯಿ ತರಿಸು."

"ವಜೀರನಿಂದ ಮಾತ್ ಮಾಡೋದು ಏನು ದೊಡ್ಡಸ್ತನ?" ಎಂದ ಹುಸೇನ ಮೆಲ್ಲಗೆ. "ಪೊಲೀಸ್ರನ್ನ ಕರೆಸಿ ಮನಿ ಬಿಡಿಸಿದಂಗ. ಅಲ್ಲಿ ನೋಡು, ನಿನ್ನ ಪ್ಯಾದಿ ನಿಂತದ."

ಅಮೋಘಪ್ಪ ನೋಡಿದ. ಬೇವಿನಕಟ್ಟೆಯಲ್ಲಿ ಪ್ಯಾದಿಯಿಂದ ಮಾಡುವ ಮಾತ್‌ಗಿಂತ ದೊಡ್ಡ ಗೆಲುವಿಲ್ಲ. ಹಾಗೆ ಗೆದ್ದವನಿಗೆ ಕಟ್ಟೆಯ ಮೇಲೆ ವರ್ಷಗಟ್ಟಲೆ ಹೆಸರು.

"ಪ್ಯಾದೀನ ಒಂದು ಮನಿ ನೂಕು," ಎಂದ ಅಂಬಣ್ಣ ಇನ್ನೊಂದು ಕಿವಿಯಲ್ಲಿ. "ರಾಜಾಗ ಹೋಗಾಕ ಮನಿ ಉಳಿಯಂಗಿಲ್ಲ. ಮತ್ತೊಂದು ಮನಿ ನೂಕಿದ್ರ ಪ್ಯಾದಿ ಮಾತ್. ಬೀಗರು ಸಾಯೋತನ ನೆನಸಬೇಕು."

"ಅಮೋಘಾ, ಮಶಿನ್ ವಜೀರ ಅನ್ನಾಕತ್ತದ," ಎಂದ ಮಾಣಿಕಪ್ಪ.

"ಮಶಿನ್‌ಗೆ ಪ್ಯಾದಿ ಮಾತ್‌ನ ರುಚಿ ಏನ್ ಗೊತ್ತು?" ಎಂದ ಹುಸೇನ.

ಅಮೋಘಪ್ಪ ಗದ್ದಕ್ಕೆ ಕೈ ಹಚ್ಚಿದ. ಈ ಸಲ ತಡ ಮಾಡಲಿಕ್ಕಲ್ಲ, ಖರೆಯಾಗಿಯೇ ವಿಚಾರ ಮಾಡಿದ. ಅವನ ಜೀವಮಾನದಲ್ಲಿ ಹಲಗೆಯ ಮೇಲೆ ಮಾಡಿದ ಮೊದಲ ವಿಚಾರ ಅದು. ಆಮೇಲೆ ಕೈ ಮುಂದೆ ಮಾಡಿ ಪ್ಯಾದಿಯನ್ನು ಒಂದು ಮನೆ ನೂಕಿದ.

ಪರದೆಯ ನಡುವೆ ಒಂದು ಚೌಕ ಎದ್ದಿತು. ಮಾಣಿಕಪ್ಪ ಓದಿ ಕುರ್ಚಿಗೆ ಒರಗಿದ.

"ಏನಂತದೊ?" ಎಂದ ಕಾಶಿರಾಯ.

"ಆಟ ಮುಗೀತಂತ. ಯಾರೂ ಗೆದ್ದಿಲ್ಲ, ಯಾರೂ ಸೋತಿಲ್ಲ. ಸಮ ಸಮ."

"ಹ್ಯಾಂಗ ಸಮ?" ಎಂದ ಅಂಬಣ್ಣ. "ಅವರ ಕಡೆ ರಾಜ ಒಬ್ಬಾವ, ನಮ್ಮ ಕಡೆ ದಂಡೇ ಅದ."

"ಶಹ ಇಲ್ಲದ, ಅಂದ್ರ ರಾಜನ ಮ್ಯಾಲ ಏಟು ಇಲ್ಲದ ಹೊತ್ತಿನ್ಯಾಗ ರಾಜಾಗ ಹೋಗಾಕ ಮನೀನೇ ಇರದಿದ್ರ ಈ ಕಾಯ್ದೆದಾಗ ಆಟ ಸಮರಿ."

"ನಮ್ಮ ಕಟ್ಟೀ ಮ್ಯಾಲ ಎದುರಿನವನ ನಡೀ ಮಾಫ್ ಮಾಡಿ ನಾವು ಮತ್ತೊಂದು ನಡೀತೀವಿ," ಎಂದ ಹುಸೇನ. ಅವನ ದನಿ ಸಣ್ಣದಾಗಿತ್ತು.

"ಇದು ನಿಮ್ಮ ಕಟ್ಟಿ ಅಲ್ರಿ."

ಅಮೋಘಪ್ಪ ಗೊನೆ ಕಡಿದ ಬಾಳೆಗಿಡದ ಹಾಗೆ ಕೂತಿದ್ದ. ಕಟ್ಟೆಯ ಹಿರಿಯರು ತಮ್ಮ ಕುರ್ಚಿಗಳನ್ನು ಒಂದಿಷ್ಟು ಹಿಂದಕ್ಕೆ ಸರಿಸಿಕೊಂಡರು.

ಕೆಫೆಯ ಫೋನು ಹೊಡೆದುಕೊಂಡಿತು; ಆಟದ ದಿನ ಗೊತ್ತುಮಾಡುವಾಗ ಅಮೋಘಪ್ಪನೇ ಆ ನಂಬರ್ ಕೊಟ್ಟಿದ್ದ. ಇಂಟರ್ನೆಟ್ಟಿಗೆ ಹಚ್ಚಿದ್ದ ಧರ್ಮಣ್ಣನವರ ಮನೆಯ ಫೋನು ಆಟ ಮುಗಿಯುತ್ತಲೇ ಬಿಡುವಾಗಿತ್ತು. ಅಮೋಘಪ್ಪ ಎದ್ದು ಎರಡೂ ಕೈಯಿಂದ ರಿಸೀವರ್ ಹಿಡಿದ.

"ಅಮೋಘಪ್ಪನವರ," ಎಂದರು ಧರ್ಮಣ್ಣನವರು. ದನಿಯಲ್ಲಿ ಸಿಟ್ಟಿರಲಿಲ್ಲ. "ಒಂದು ಮಾತು ಕೇಳ್ತೀನಿ. ಕೋರ್ಟಿನ್ಯಾಗ ಹೇಳಿದಂಗ ಹೇಳಬ್ಯಾಡ್ರಿ, ಖರೆ ಹೇಳ್ರಿ. ಇದು ನಿಮ್ಮ ಆಟ ಏನು?"

ಅಮೋಘಪ್ಪ ರಿಸೀವರನ್ನು ಕಿವಿಗೆ ಒತ್ತಿ ಹಿಡಿದ. ಅವನಿಗೆ ಸುಳ್ಳು ಸಾಕಾಗಿತ್ತು. "ಅಲ್ರಿ," ಎಂದ. "ಹೇಳಿಸ್ಕೊಂಡು ಆಡಿದೆ."

ಕಾಶಿರಾಯ ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತ. ಆದರೆ ಆ ಕಡೆಯಿಂದ ನಗು ಬಂತು.

"ನನಗ ಅನಸಿತ್ತು. ಹೋಗ್ಲಿ ಬಿಡ್ರಿ, ಹೇಳಿಸ್ಕೊಳ್ಳೋದು ನಮ್ಮ ಕಡೆ ತಪ್ಪಲ್ಲ. ನಾನೂ ಕಟ್ಟೀ ಮ್ಯಾಲೇ ಕಲತಾವ. ದೊಡ್ಡವರ ಮಾತು ಕೇಳಿ ನಡಿಯೋ ಅಳಿಯಾ ಸಿಕ್ರ ಯಾರು ಒಲ್ಲೆ ಅಂತಾರ?"

ಅಮೋಘಪ್ಪನಿಗೆ ಜೀವ ಬಂತು.

"ಕಡೀ ನಡೀನೂ ಹೇಳಿಕೊಟ್ಟಿದ್ದೇನು?"

ಅಮೋಘಪ್ಪ ಹಿಂದಿರುಗಿ ನೋಡಿದ. ಹುಸೇನ ಗೋಡೆ ನೋಡುತ್ತಿದ್ದ. ಅಂಬಣ್ಣ ಚಪ್ಪಲಿ ಹುಡುಕುತ್ತಿದ್ದ. ಎತ್ತಿಟ್ಟ ಮೇಲೆ ನಡೆ ಎತ್ತಿಟ್ಟವನದು.

"ಅದು ನಂದ್ರಿ."

"ಬೆಳಿಗ್ಗಿನಿಂದ ನಿಮ್ಮದೊಂದು ನಡೀ ನೋಡಬೇಕಂತ ಕೂತಿದ್ದೆ," ಎಂದರು ಧರ್ಮಣ್ಣನವರು. "ನೋಡಿದಂಗಾತು. ಯಾವ ಹಲಗಿ ಮುಂದ ಕೂತೀವಿ ಅನ್ನೋ ಖಬರ ಬೇಕು, ತಮ್ಮಾ. ಕೈಯಾಗ ಬಂದದ್ದನ್ನ ಹಿಂಗ ಬಿಡೋರ ಕೈಯಾಗ ಮಗಳನ್ನ ಹ್ಯಾಂಗ ಇಡ್ಲಿ? ಆಕೀನೂ ಕಡೀ ನಡೀ ನೋಡಿ ಒಳಗ ಹೋದ್ಲು."

ಅಮೋಘಪ್ಪ ರಿಸೀವರ್ ಕೆಳಗಿಡಲಿಕ್ಕೆ ಹೋದ.

"ನಿಂದ್ರಿ. ಉಳದ ನಡೀ ಹೇಳಿಕೊಟ್ಟವರು ಯಾರು?"

ಅವನ ಕಣ್ಣು ಎರಡನೇ ಮಶಿನ್ ಮೇಲೆ ಬಿತ್ತು. ಮಶಿನ್ ಎಂದರೆ ಮೋಸ, ಮನುಷ್ಯ ಎಂದರೆ ನ್ಯಾಯ. ಬೆಳಿಗ್ಗೆ ಅಂಬಣ್ಣ ತೀರ್ಪು ಕೊಟ್ಟಾಗಿತ್ತು. ಕನ್ಯೆ ಹೋದರೂ ಗಾಜಿಪುರದಲ್ಲಿ ಮೋಸಗಾರ ಎಂಬ ಹೆಸರು ಉಳಿಯಬಾರದು. ಅಷ್ಟಾದರೂ ಉಳಿಸಿಕೊಳ್ಳಬೇಕು.

"ನಮ್ಮ ಗೆಳ್ಯಾರಿ, ಮಾಣಿಕಪ್ಪ ಅಂತ. ಈ ಕೆಫೆ ಇವನದೇ."

"ಯಾರ ಪೈಕಿ?"

"ನಮ್ಮವನೇರಿ."

"ಬಾಳ ಶಾಣ್ಯಾ ಹುಡುಗ. ಬೆಳಿಗ್ಗಿನಿಂದ ಒಂದು ನಡೀನೂ ತಪ್ಪಿಲ್ಲ. ಗೆಳ್ಯಾನ ಸಲುವಾಗಿ ತನ್ನ ಕೆಲಸ ಬಿಟ್ಟು ಕೂತಾನ, ಹೆಸರೂ ಬಯಸಿಲ್ಲ." ಧರ್ಮಣ್ಣನವರು ದನಿ ತಗ್ಗಿಸಿ ಕೇಳಿದರು. "ಲಗ್ನ ಆಗ್ಯದೇನು?"

ಅಮೋಘಪ್ಪ ರಿಸೀವರನ್ನು ಮಾಣಿಕಪ್ಪನ ಕೈಗೆ ಕೊಟ್ಟ. ಬೇರೆ ಏನು ಮಾಡಬೇಕೋ ಅವನಿಗೆ ಹೊಳೆಯಲಿಲ್ಲ.

ಮಾಣಿಕಪ್ಪ ಮೊದಲು "ಅಯ್ಯೋ ಇಲ್ರಿ" ಎಂದ. ಆಮೇಲೆ "ಹಾಂಗೇನಿಲ್ರಿ" ಎಂದ. ಆಮೇಲೆ ತಲೆ ಬಾಚಿಕೊಂಡ. ಕೊನೆಗೆ "ನಿಮ್ಮ ಆಶೀರ್ವಾದರಿ" ಎಂದು ಫೋನ್ ಇಟ್ಟ. ಯಾರ ಮುಖವನ್ನೂ ನೋಡಲಿಲ್ಲ. ಹುಸೇನ ಹೋಗಿ ಅವನ ಬೆನ್ನು ಚಪ್ಪರಿಸಿದ. ಕಾಶಿರಾಯ ಅವನ ಮನೆಯ ಹಿರಿಯರು ಯಾರು, ಮಾತಿಗೆ ಯಾರನ್ನು ಕರೆದುಕೊಂಡು ಹೋಗುತ್ತಾನೆ ಎಂದು ವಿಚಾರಿಸಿದ. ಸಂಬಂಧ ಕೂಡಿಸುವವರಿಗೆ ಒಂದು ಸಂಬಂಧ ಕೂಡಿದರೆ ಸಾಕು.

ಬಸ್ಸಿಗೆ ಹೊರಡಲು ಎಲ್ಲರೂ ಮೆಟ್ಟಿಲು ಇಳಿದರು. ಅಮೋಘಪ್ಪ ಕೊನೆಯವನಾಗಿ ಚಪ್ಪಲಿ ಮೆಟ್ಟುತ್ತಿದ್ದಾಗ ಮಾಣಿಕಪ್ಪ ಬಂದು ಪಕ್ಕದಲ್ಲಿ ನಿಂತ.

"ಸಿಟ್ಟಿಗೆದ್ದೀಯೇನೊ?"

"ಇಲ್ಲ."

"ಬರೋ ಐತವಾರ ನನ್ನ ಜೋಡಿ ಒಂದು ಆಟ ಆಗ್ಲಿ ಅಂದಾರ. ಆಮ್ಯಾಲ ಮಾತು ಮುಗಸೂಣು ಅಂದಾರ." ಮಾಣಿಕಪ್ಪ ಎರಡು ಮಶಿನ್‌ಗಳ ಕಡೆ ನೋಡಿದ. "ನನಗ ಆನಿ ಯಾವದು ಕುದುರಿ ಯಾವದು ಇವತ್ತ ಗೊತ್ತಾಗ್ಯದ. ಅವರ ಮುಂದ ನಾ ಕೂತ್ರ, ಆ ಬಾಜೂ ಮಶಿನ್ ಮುಂದ ಯಾರಾರ ಕೂಡಬೇಕಲ್ಲೋ."

ಅಮೋಘಪ್ಪ ಬಾಗಿಲ ಚೌಕಟ್ಟಿಗೆ ಒಂದು ಕೈ ಕೊಟ್ಟು ನಿಂತ. ಕೆಳಗೆ ಕಾಶಿರಾಯ ಬಸ್ಸು ತಪ್ಪುತ್ತದೆಂದು ಕೂಗುತ್ತಿದ್ದ.

"ಎಷ್ಟು ಗಂಟೇಕ ಬರ್ಲಿ?" ಎಂದ.